ನಿಂತಾಗೋ, ಏರಿನ್ಯಾಗೋ?

ಕಾಕಾನ ಓಮ್ನಿ ಮೊದಲ ಸಲ ಕುಂಟಿದ್ದು ಯಲ್ಲಮ್ಮನ ಗುಡ್ಡದ ಏರಿನಲ್ಲಿ. ಭಾರತ ಹುಣ್ಣಿಮೆಯ ಹಿಂದಿನ ದಿನ. ಒಳಗೆ ಎಂಟು ಜನ, ಹಿಂದೆ ಪಡ್ಡಲಗಿ ತುಂಬಿಸಲು ಕಟ್ಟಿಕೊಂಡ ಬುಟ್ಟಿಗಳು, ಎರಡು ಕೊಡ ನೀರು. ಸಂಗೊಳ್ಳಿಯಿಂದ ಬೈಲಹೊಂಗಲ, ಅಲ್ಲಿಂದ ಸವದತ್ತಿ, ಅಲ್ಲಿವರೆಗೂ ಏನೂ ಇಲ್ಲ. ಗುಡ್ಡದ ರಸ್ತೆ ಹತ್ತತೊಡಗಿದ್ದೇ ತಡ ಗಾಡಿ ಮುಗ್ಗರಿಸಿತು, ಸೀನಿತು, ಮತ್ತೆ ಸುಧಾರಿಸಿಕೊಂಡಿತು. ಕಾಕಾ ಮೊದಲನೇ ಗೇರಿಗೆ ಇಳಿಸಿ, ಇಬ್ಬರನ್ನು ಇಳಿಸಿ ನಡೆಸಿ, ಅಂತೂ ಮೇಲೆ ತಲುಪಿದ. ಇಳಿಯುವಾಗ ಮಾತ್ರ ಏನೂ ಆಗಿಲ್ಲವೆಂಬಂತೆ ಗಾಡಿ ಗುನುಗುತ್ತ ಬಂತು.

ಮರುದಿನ ಬೈಲಹೊಂಗಲದ ಗ್ಯಾರೇಜಿನಲ್ಲಿ ಕಾಕಾ ಹೇಳಿದ: "ಮಿಸ್ಸಿಂಗ್ ಹೊಡ್ಯಾಕತ್ತೈತಿ ಮಿಸ್ತ್ರಿ. ಪ್ಲಗ್ ಹೋಗ್ಯಾವ ಕಾಣಸ್ತೈತಿ."

ಮಿಸ್ತ್ರಿ ಬಾನೆಟ್ಟು ಕಡೆ ಹೋಗಲಿಲ್ಲ. ಓಮ್ನಿಯಲ್ಲಿ ಬಾನೆಟ್ಟಿನ ಕೆಳಗೆ ಎಂಜಿನ್ ಇರುವುದೂ ಇಲ್ಲ, ಅದು ಕೂತವರ ಕುಂಡೆಯಡಿ ಇರುತ್ತದೆ. ಸೀಟನ್ನೂ ಎತ್ತಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಹೊಡಿತೈತ್ರಿ ಕಾಕಾರ? ನಿಂತಾಗೋ, ಏರಿನ್ಯಾಗೋ?"

ಆ ಪ್ರಶ್ನೆಯಲ್ಲಿ ಎಷ್ಟು ಭೌತಶಾಸ್ತ್ರ ಅಡಗಿತ್ತೆಂದು ನನಗೆ ಅರ್ಥವಾಗಲು ಆ ಮಳೆಗಾಲ ಕಳೆಯಬೇಕಾಯಿತು.

ಮೊದಲು ಈ ಎಂಜಿನ್ ಏನೆಂದು ನೋಡೋಣ. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಮರುವರ್ಷ ಅದೇ ಎಂಜಿನ್ ಹೊತ್ತು ವ್ಯಾನ್ ಬಂತು, ಮುಂದೆ ಅದಕ್ಕೆ ಓಮ್ನಿ ಎಂದು ಹೆಸರಾಯಿತು. 796 ಸಿಸಿ, ಮೂರು ಸಿಲಿಂಡರ್. ಒಂದೊಂದು ಸಿಲಿಂಡರಿನ ಪಾಲಿಗೆ ಬರುವುದು 265 ಸಿಸಿ, ಅಂದರೆ ಒಂದು ದೊಡ್ಡ ಚಹಾ ಲೋಟದಷ್ಟು ಜಾಗ. ಪಿಸ್ಟನ್ ಕೆಳಗಿಳಿದು ಗಾಳಿ-ಪೆಟ್ರೋಲ್ ಒಳಗೆಳೆಯುತ್ತದೆ, ಮೇಲೇರಿ ಅದನ್ನು ಅದುಮುತ್ತದೆ, ಕಿಡಿ ಹಾರುತ್ತದೆ, ಉರಿ ಅದನ್ನು ಕೆಳಗೆ ದೂಡುತ್ತದೆ, ಮತ್ತೆ ಮೇಲೇರಿ ಹೊಗೆ ಹೊರಹಾಕುತ್ತದೆ. ನಾಲ್ಕು ಹೆಜ್ಜೆ, ಎರಡು ಸುತ್ತು, ಒಂದು ಕಿಡಿ.

ಕಾಕಾನ ಗಾಡಿಯ ಕಿಲೋಮೀಟರ್ ಮುಳ್ಳು ಎಂದೋ ನಿಂತಿದೆ. ಅವನ ಲೆಕ್ಕದಲ್ಲಿ ಎರಡೂವರೆ ಲಕ್ಷ ಓಡಿದೆ. ಸರಾಸರಿ ಗಂಟೆಗೆ 40 ಕಿಲೋಮೀಟರ್, ನಿಮಿಷಕ್ಕೆ 2500 ಸುತ್ತು ಎಂದು ಹಿಡಿದರೆ ಎಂಜಿನ್ ಸುಮಾರು 94 ಕೋಟಿ ಸಲ ತಿರುಗಿದೆ. ಸಿಲಿಂಡರಿಗೆ 47 ಕೋಟಿ ಕಿಡಿ. ಮೂರೂ ಸೇರಿದರೆ 140 ಕೋಟಿ, ನಮ್ಮ ದೇಶದ ತಲೆಯೆಣಿಕೆಗೆ ಹತ್ತಿರ. ಇದರಲ್ಲಿ ಒಂದೆರಡು ಸಾವಿರ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಂದು ಸಿಲಿಂಡರ್ ಸತತವಾಗಿ ತಪ್ಪತೊಡಗಿದರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತೆಂದಷ್ಟೇ ತಿಳಿಯಬೇಡಿ. ಸತ್ತ ಸಿಲಿಂಡರನ್ನು ಉಳಿದೆರಡು ಹೊತ್ತು ತಿರುಗಿಸಬೇಕು. ಮೂರೆತ್ತಿನ ಬಂಡಿಯಲ್ಲಿ ಒಂದೆತ್ತು ಮಲಗಿದರೆ ಸಾಲದೆಂಬಂತೆ ಅದನ್ನು ಎಳೆದುಕೊಂಡೂ ಹೋದ ಹಾಗೆ.

ಯಾವ ಸಿಲಿಂಡರ್ ಸತ್ತಿದೆ ಎಂದು ಕಂಡುಹಿಡಿಯುವುದು ಸುಲಭ. ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಎತ್ತಿ ನೋಡುವುದು. ದುಡಿಯುವ ಸಿಲಿಂಡರಿನದು ಎತ್ತಿದರೆ ಎಂಜಿನ್ ಇನ್ನೂ ಕುಂಟುತ್ತದೆ. ಯಾವುದನ್ನು ಎತ್ತಿದರೆ ಏನೂ ಬದಲಾಗುವುದಿಲ್ಲವೋ ಅದೇ ಸೋಮಾರಿ. ಮನೆಯಲ್ಲಿ ಯಾರು ಕೆಲಸ ಮಾಡುತ್ತಿಲ್ಲವೆಂದು ತಿಳಿಯಲೂ ಇದೇ ಉಪಾಯ. ಇದನ್ನು ಬರಿಗೈಯಲ್ಲಿ ಮಾಡಲು ಹೋಗಬೇಡಿ. ಸಾವಿರಾರು ವೋಲ್ಟು ಹರಿಯುವ ವೈರು ಅದು. ಎತ್ತಿದ ವೈರಿನ ತುದಿಯನ್ನು ಎಂಜಿನ್ನಿನ ಮೈಗೆ ತಾಗಿಸದೆ ಹಾಗೇ ಬಿಟ್ಟರೆ ಕಾಯಿಲೂ ಸುಟ್ಟೀತು.

ಕಷ್ಟ ಬರುವುದು ಇದಾದ ಮೇಲೆ. ನಿಂತಲ್ಲಿ ವೈರು ಎತ್ತಿ ನೋಡಿದಾಗ ಕಾಕಾನ ಗಾಡಿಯ ಮೂರೂ ಸಿಲಿಂಡರ್ ದುಡಿಯುತ್ತಿದ್ದವು. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೇಲಿಟ್ಟು ಸೆಲ್ಫ್ ಹೊಡೆದರೆ ಮೂರರಲ್ಲೂ ನೀಲಿ ಕಿಡಿ. "ಪ್ಲಗ್ ಚಲೋ ಅದಾವಲ್ಲೋ" ಎಂದ ಕಾಕಾ. ಮಿಸ್ತ್ರಿ ನಕ್ಕ. "ಹೊರಗ ಚಲೋ ಅದಾವ್ರಿ. ಒಳಗಿನ ಮಾತ ಬ್ಯಾರೆ."

ಒಳಗಿನ ಮಾತು ಏಕೆ ಬೇರೆ ಎಂಬುದನ್ನು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ಅಳೆದು ತೋರಿಸಿದ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು ಬರೀ ಅಂತರವನ್ನು ಅವಲಂಬಿಸಿಲ್ಲ. ಅಂತರವನ್ನು ಗಾಳಿಯ ಒತ್ತಡದಿಂದ ಗುಣಿಸಿದರೆ ಬರುವ ಅಂಕಿಯನ್ನು ಅವಲಂಬಿಸಿದೆ. ಬಯಲ ಗಾಳಿಯಲ್ಲಿ ಒಂದು ಮಿಲಿಮೀಟರ್ ಜಿಗಿಯಲು ಸುಮಾರು 3000 ವೋಲ್ಟ್ ಸಾಕು. ಪ್ಲಗ್ಗಿನ ಅಂತರ ಮುಕ್ಕಾಲು ಮಿಲಿಮೀಟರ್ ಆಸುಪಾಸು. ಆದರೆ ಸಿಲಿಂಡರಿನೊಳಗೆ ಗಾಳಿಯನ್ನು ಪಿಸ್ಟನ್ ಅದುಮಿಟ್ಟಿದೆ. ಕಣಗಳು ಒತ್ತೊತ್ತಾಗಿ ನಿಂತಿವೆ. ಓಡುವ ಎಲೆಕ್ಟ್ರಾನಿಗೆ ವೇಗ ಹಿಡಿಯಲು ಜಾಗವೇ ಇಲ್ಲ, ಜಾತ್ರೆಯ ನೂಕುನುಗ್ಗಲಿನಲ್ಲಿ ಓಡಲು ಹೊರಟವನ ಹಾಗೆ. ಹೀಗಾಗಿ ಅಲ್ಲಿ ಬಯಲಿನ ನಾಲ್ಕೈದು ಪಟ್ಟು ವೋಲ್ಟೇಜು ಬೇಕಾದೀತು.

ಇನ್ನೊಂದು ಸೂಕ್ಷ್ಮವಿದೆ. ಗಾಡಿ ನಿಂತು ಗುನುಗುತ್ತಿರುವಾಗ ಕಾರ್ಬ್ಯುರೇಟರಿನ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಒಳಗೆ ಹೋಗುವ ಗಾಳಿಯೇ ಕಡಿಮೆ, ಅದುಮಿದರೂ ಒತ್ತಡ ಅಷ್ಟಾಗಿ ಏರುವುದಿಲ್ಲ. ಏರಿನಲ್ಲಿ ಕಾಕಾ ಎಕ್ಸಲರೇಟರನ್ನು ನೆಲಕ್ಕೆ ತುಳಿದಾಗ ಬಾಗಿಲು ಪೂರ್ತಿ ತೆರೆದು ಸಿಲಿಂಡರ್ ತುಂಬ ಗಾಳಿ ನುಗ್ಗುತ್ತದೆ. ಅದುಮಿದಾಗ ಒತ್ತಡ ಎರಡು ಮೂರು ಪಟ್ಟಾಗುತ್ತದೆ. ಕಿಡಿಗೆ ಅತ್ಯಂತ ಕಠಿಣ ಗಳಿಗೆ ಅದು. ಎಂಟು ಜನ, ಎರಡು ಕೊಡ ನೀರು, ಗುಡ್ಡದ ಏರು: ಇವೆಲ್ಲ ಸೇರಿ ಕೇಳಿದ್ದು ಹೆಚ್ಚು ಪೆಟ್ರೋಲನ್ನಷ್ಟೇ ಅಲ್ಲ, ಹೆಚ್ಚು ವೋಲ್ಟೇಜನ್ನೂ.

ಆ ವೋಲ್ಟೇಜು ಎಲ್ಲಿಂದ ಬರಬೇಕು? ಬ್ಯಾಟರಿಯಲ್ಲಿರುವುದು 12. ಅದನ್ನು ಇಪ್ಪತ್ತು ಮೂವತ್ತು ಸಾವಿರಕ್ಕೆ ಏರಿಸುವುದು ಕಾಯಿಲ್. ಒಂದೇ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿ. ಮೊದಲನೆಯದರಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ಕಡಿದರೆ ಎರಡನೆಯದರಲ್ಲಿ ವೋಲ್ಟೇಜು ಚಿಮ್ಮುತ್ತದೆ. ಈ ಗುಟ್ಟನ್ನು ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಕಂಡುಕೊಂಡದ್ದು 1831ರ ಆಗಸ್ಟಿನಲ್ಲಿ. ನಮ್ಮೂರಿನವರಿಗೆ ಆ ಇಸವಿ ಮರೆಯುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದರು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಸಂಗೊಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಕಾಯಿಲ್ ಬಗ್ಗೆ ಓದುವವನಿಗೆ ಆ ಅಂಕಿ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಕಾಯಿಲಿನ ವೋಲ್ಟೇಜು ಒಮ್ಮೆಲೇ 25 ಸಾವಿರ ಆಗಿಬಿಡುವುದಿಲ್ಲ. ಅದು ಏರುತ್ತ ಹೋಗುತ್ತದೆ, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಜಿಗಿದು ಇಳಿದುಬಿಡುತ್ತದೆ. ಮಲಪ್ರಭೆಯ ದಂಡೆಯ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಹೊಲದಲ್ಲಿ ನೀರು ನಿಂತು ಏರುತ್ತಿದ್ದರೆ ಅದು ನೀವು ತೋರಿಸಿದ ಕಡೆ ಹರಿಯುವುದಿಲ್ಲ, ಒಡ್ಡು ಎಲ್ಲಿ ತಗ್ಗೋ ಅಲ್ಲಿ ಹರಿಯುತ್ತದೆ. ಪ್ಲಗ್ಗಿನ ತುದಿಯೇ ತಗ್ಗು ಒಡ್ಡಾಗಿರಬೇಕು, ಹಾಗೆಂದೇ ಅದನ್ನು ಕಟ್ಟಿರುವುದು. ನಿಂತಾಗ ಅದು ತಗ್ಗೇ. ಏರಿನಲ್ಲಿ ಒತ್ತಡ ಹೆಚ್ಚಿ ಆ ಒಡ್ಡು ಎತ್ತರವಾಗುತ್ತದೆ. ಕೋಟಿಗಟ್ಟಲೆ ಕಿಡಿ ಹಾರಿ ಪ್ಲಗ್ಗಿನ ಲೋಹ ಸವೆದು ಅಂತರ ಅಗಲವಾಗಿದ್ದರೆ ಇನ್ನಷ್ಟು ಎತ್ತರ. ಆಗ ನೀರು ಬೇರೆ ಕಡೆ ಒಡೆಯುತ್ತದೆ: ಬಿಸಿಲಿಗೆ, ಎಂಜಿನ್ನಿನ ಕಾವಿಗೆ ಬಿರುಕುಬಿಟ್ಟ ವೈರಿನ ರಬ್ಬರಿನಲ್ಲಿ, ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ಮಸಿಗೆರೆಯಲ್ಲಿ, ಎಣ್ಣೆ ಹಿಡಿದ ಪ್ಲಗ್ಗಿನ ಪಿಂಗಾಣಿಯ ಮೈಮೇಲೆ.

ಮಿಸ್ತ್ರಿ ಹೇಳಿದ: "ಕತ್ತಲಾಗಲಿ, ತೋರಸ್ತೀನಿ."

ಸಂಜೆ ಏಳರ ಮೇಲೆ, ಗ್ಯಾರೇಜಿನ ದೀಪ ಆರಿಸಿ, ಸೀಟು ಎತ್ತಿ, ಎಂಜಿನ್ ಚಾಲೂ ಮಾಡಿ, ಇಸ್ತ್ರಿಯವರು ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಂತೆ ನೀರು ಹೊಡೆದ. ಎಕ್ಸಲರೇಟರಿನ ತಂತಿಯನ್ನು ಒಮ್ಮೆ ಜಗ್ಗಿದ. ಎರಡನೇ ಸಿಲಿಂಡರಿನ ವೈರಿನ ಮೇಲೆ ತೆಳು ನೀಲಿ ಎಳೆಗಳು ಹುಳುಗಳಂತೆ ಹರಿದಾಡಿ ಮಾಯವಾದವು. ಸಿಡಿಲು ಬಡಿದ ಮೇಲೆ ಬರುವಂಥ ಕಟು ವಾಸನೆ. ಅದು ಓಜೋನ್. ಎತ್ತರದ ಒಡ್ಡು ಬಿಟ್ಟು ಬೇರೆ ಕಡೆ ಸೋರುತ್ತಿದ್ದ ನೀರು ಕಣ್ಣಿಗೇ ಕಂಡಿತು.

ವೈರುಗಳ ಸೆಟ್, ಡಿಸ್ಟ್ರಿಬ್ಯೂಟರ್ ಮುಚ್ಚಳ, ಮೂರು ಪ್ಲಗ್, ಎಲ್ಲ ಬದಲಾದವು. ಹಳೆಯ ಪ್ಲಗ್ಗುಗಳನ್ನು ಮಿಸ್ತ್ರಿ ಬಿಸಾಡಲಿಲ್ಲ, ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಓದಿದ. ಪ್ಲಗ್ ಓದುವುದು ನಾಡಿ ನೋಡುವಷ್ಟೇ ಹಳೆಯ ವಿದ್ಯೆಯೇನಲ್ಲ, ಆದರೆ ಅದರ ಮರ್ಯಾದೆ ಅಷ್ಟೇ ಇದೆ. ಹಾಲು ಕಡಿಮೆ ಹಾಕಿದ ಚಹಾದ ಬಣ್ಣವಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಒದ್ದೆ ಜಿಡ್ಡು ಕಪ್ಪಾದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಕಾವು ಮಿತಿಮೀರಿದೆ. ಒಂದನೆಯದು, ಮೂರನೆಯದು ಚಹಾ. ಎರಡನೆಯದು ಒದ್ದೆ, ಆದರೆ ಆಯಿಲ್ ಅಲ್ಲ, ಪೆಟ್ರೋಲ್ ವಾಸನೆ. ಕಿಡಿ ಸಿಗದೆ ಉರಿಯದೆ ಉಳಿದದ್ದು. ಮಿಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಇದರ ಬುಡ ಸ್ವಲ್ಪ ಬಿಳೀನೂ ಐತಿ ನೋಡ್ರಿ" ಎಂದ. ಕಾಕಾ ಆಗಲೇ ದುಡ್ಡು ಎಣಿಸುತ್ತಿದ್ದ. ಆ ಮಾತು ಯಾರೂ ಹಚ್ಚಿಕೊಳ್ಳಲಿಲ್ಲ.

ಆಮೇಲೆ ಗಾಡಿ ಏರಿಗೆ ಹೆದರಲಿಲ್ಲ. ಜುಲೈನಲ್ಲಿ ಬೇರೆಯದೇ ಕಾಯಿಲೆ ತೋರಿಸಿತು. ಓಡುವಾಗ ಏನೂ ಇಲ್ಲ. ನಿಂತಾಗ, ಅದೂ ಎಂಜಿನ್ ಚೆನ್ನಾಗಿ ಕಾದ ಮೇಲೆ, ಮೈ ನಡುಗಿಸಿಕೊಂಡು ಕುಂಟುವುದು. ನಿಮಿಷಕ್ಕೆ 900 ಸುತ್ತಿನಲ್ಲಿ ಮೂರು ಸಿಲಿಂಡರ್ ಸೇರಿ ಸೆಕೆಂಡಿಗೆ ಇಪ್ಪತ್ತೆರಡು ಸಲ ಗುದ್ದುತ್ತವೆ, ಕಿವಿಗೆ ಅದು ಒಂದೇ ಗುನುಗು. ಒಂದು ತಪ್ಪಿದರೆ ಸೆಕೆಂಡಿಗೆ ಏಳೆಂಟು ಸಲ ತೆರಪು ಬೀಳುತ್ತದೆ. ಅದನ್ನು ಕಿವಿ ಎಣಿಸಬಲ್ಲದು, ಸೀಟಿನ ಮೇಲೆ ಕೂತವರ ಸೊಂಟವೂ ಎಣಿಸಬಲ್ಲದು.

ಇಲ್ಲಿ ಕಾಕಾನ ಮಗನ ಹೊಸ ಕಾರಿನ ಮಾತು ಬಂತು. "ನಮ್ಮ ಗಾಡ್ಯಾಗ ಆದ್ರ ಲೈಟ್ ಹತ್ತತೈತಿ, ಸ್ಕ್ಯಾನರ್ ಹಚ್ಚಿದ್ರ ಪಿ-0302 ಅಂತ ಕೋಡ್ ಬರತೈತಿ" ಎಂದ ಅವನು. ನಿಜ. ಆ ಕೋಡಿನ ಕೊನೆಯ ಎರಡು ಎಂದರೆ ಎರಡನೇ ಸಿಲಿಂಡರ್. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ಈ ಏರ್ಪಾಡು ಕಡ್ಡಾಯವಾಯಿತು, ನಮ್ಮಲ್ಲಿ ಭಾರತ್ ಸ್ಟೇಜ್ 4ರ ಕಾಲದಲ್ಲಿ ಬಂತು. ಆದರೆ ಆ ಕಂಪ್ಯೂಟರ್ ಸಿಲಿಂಡರಿನೊಳಗೆ ಇಣುಕಿ ನೋಡುವುದಿಲ್ಲ. ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರವೊಂದರ ಪಕ್ಕದಲ್ಲಿ ಸೆನ್ಸರ್ ಕೂತಿರುತ್ತದೆ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುತ್ತಿರುತ್ತದೆ. ಸಿಲಿಂಡರ್ ಗುದ್ದಿದಾಗ ಚಕ್ರ ತುಸು ಚುರುಕಾಗಬೇಕು. ಆಗದಿದ್ದರೆ ಆ ಸಿಲಿಂಡರಿನ ಹೆಸರು ಬರೆದುಕೊಳ್ಳುತ್ತದೆ. ಅಂದರೆ ಅದು ಮಾಡುವುದೂ ಕಾಕಾನ ಸೊಂಟ ಮಾಡಿದ್ದನ್ನೇ. ಯಾರು ಕುಂಟಿದರೆಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಕೋಡ್ ನೋಡಿದ ಕೂಡಲೇ ಕಾಯಿಲ್ ಬದಲಿಸಿ ಸಾವಿರಾರು ರೂಪಾಯಿ ಕಳೆಯುವವರು ಇದನ್ನು ಮರೆಯುತ್ತಾರೆ.

ಏಕೆ ಎಂಬುದಕ್ಕೆ ಮಿಸ್ತ್ರಿಯ ಪ್ರಶ್ನೆಗೇ ಮರಳಬೇಕು. ಉರಿಗೆ ಮೂರು ಬೇಕು: ಕಿಡಿ, ಸರಿಯಾದ ಮಿಶ್ರಣ, ಅದುಮಿನ ಒತ್ತಡ. ಹೊಸ ಎಂಜಿನ್ನಿನಲ್ಲಿ ಮೂರಕ್ಕೂ ಧಾರಾಳ ದಾಸ್ತಾನು ಇರುತ್ತದೆ. ಬೇಕಾದ್ದು 12 ಸಾವಿರ ವೋಲ್ಟ್ ಇದ್ದರೆ ಕಾಯಿಲ್ 25 ಸಾವಿರ ಕೊಡಬಲ್ಲದು. ವಯಸ್ಸು ತಿನ್ನುವುದು ಈ ದಾಸ್ತಾನನ್ನು. ಬೇಡಿಕೆ ಯಾವಾಗ ಅತಿ ಹೆಚ್ಚೋ ಆಗ ಕೊರತೆ ಬಯಲಿಗೆ ಬರುತ್ತದೆ. ಕಿಡಿಯ ಕೊರತೆ ಏರಿನಲ್ಲಿ. ಮಿಶ್ರಣದ್ದೂ ಒತ್ತಡದ್ದೂ ಹೆಚ್ಚಾಗಿ ನಿಂತಾಗ.

ಮಿಸ್ತ್ರಿ ಮಿಶ್ರಣದ್ದನ್ನು ಮೊದಲು ನೋಡಿದ. ಎಂಜಿನ್ ನಿಂತಲ್ಲಿ ಗುನುಗುವಾಗ ಒಳದಾರಿಯಲ್ಲಿ ಜೋರಾದ ನಿರ್ವಾತ ಇರುತ್ತದೆ. ಎಲ್ಲೋ ಒಂದು ರಬ್ಬರ್ ಪೈಪು ಸೀಳಿದ್ದರೆ ಅಲ್ಲಿಂದ ಕಳ್ಳಗಾಳಿ ಒಳಬರುತ್ತದೆ. ಒಟ್ಟು ಗಾಳಿಯೇ ಕಡಿಮೆ ಇರುವ ಹೊತ್ತಿನಲ್ಲಿ ಆ ಕಳ್ಳಗಾಳಿಯ ಪಾಲು ದೊಡ್ಡದು, ವೇಗದಲ್ಲಿ ಅದು ಲೆಕ್ಕಕ್ಕೇ ಬಾರದು. ಸೋಪಿನ ನೀರು ಸುರಿಯುತ್ತ ಹೋದ. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪಿನ ತುದಿಯಲ್ಲಿ ನೀರು ಒಳಗೆ ಎಳೆದುಕೊಂಡಿತು, ಗುನುಗು ಬದಲಾಯಿತು. ಪೈಪು ಬದಲಿಸಿದ. ಕುಂಟು ತುಸು ಕಡಿಮೆಯಾಯಿತು, ಹೋಗಲಿಲ್ಲ.

"ಪೆಟ್ರೋಲ್ ನೋಡೂಣು" ಎಂದು ಟ್ಯಾಂಕಿನ ತಳದಿಂದ ಒಂದು ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟ. ನಮ್ಮ ಭಾಗದ ಓದುಗರಿಗೆ ಇದು ಮನೆಯ ಮಾತು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆ, ಮುನವಳ್ಳಿಯ ಕಾರ್ಖಾನೆ, ಸುತ್ತ ಎತ್ತ ನೋಡಿದರೂ ಕಬ್ಬು. ಆ ಕಬ್ಬಿನ ರಸದಿಂದ, ಕಾಕಂಬಿಯಿಂದ ತೆಗೆವ ಎಥನಾಲ್ ಈಗ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು ಹದಿಮೂರೂವರೆ ಸಾಕು. ಹೊಸ ಎಂಜಿನ್ನಿನ ಕಂಪ್ಯೂಟರ್ ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ಕಾರ್ಬ್ಯುರೇಟರಿನ ಜೆಟ್ ಎಂದರೆ ಹಿತ್ತಾಳೆಯಲ್ಲಿ ಕೊರೆದ ತೂತು, ಅದಕ್ಕೇನು ತಿಳಿಯುತ್ತದೆ? ಅದು ಅಷ್ಟೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಅದರ ಮೇಲೆ ಎಥನಾಲಿಗೆ ನೀರಿನ ಹಂಬಲ. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿತೆಂದರೆ ಒಂದು ಮಿತಿಯವರೆಗೆ ಅದನ್ನು ಹಿಡಿದಿಟ್ಟುಕೊಂಡು, ಮಿತಿ ಮೀರಿದಾಗ ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ಪಂಪು ಹೀರುವುದು ತಳದಿಂದಲೇ. ಬಾಟಲಿಯಲ್ಲಿ ಎರಡು ಪದರ ಕಂಡರೆ ರೋಗ ಸಿಕ್ಕಂತೆ. ಹದಿನೈದು ನಿಮಿಷ ಕಾದೆವು. ಒಂದೇ ಪದರ. ಮಿಸ್ತ್ರಿ ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿದ, ಇನ್ನೂ ತುಸು ಸುಧಾರಿಸಿತು. ಆದರೂ ಎರಡನೇ ವೈರು ಎತ್ತಿದರೆ ಎಂಜಿನ್ನಿಗೆ ಏನೂ ಅನಿಸುತ್ತಿರಲಿಲ್ಲ.

ಉಳಿದದ್ದು ಒತ್ತಡ. ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್ ಸಿಕ್ಕಿಸಿ ಸೆಲ್ಫ್ ಹೊಡೆದರು. ಒಂದನೇದು 12. ಮೂರನೇದು ಹನ್ನೊಂದೂವರೆ. ಎರಡನೇದು 8. ಗಾಳಿ ಎಲ್ಲೋ ಸೋರುತ್ತಿದೆ. ಪಿಸ್ಟನ್ನಿನ ರಿಂಗುಗಳ ಪಕ್ಕದಿಂದ ಕೆಳಕ್ಕೋ, ವಾಲ್ವಿನಿಂದ ಮೇಲಕ್ಕೋ? ಇದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಸಾಕು. ಅದನ್ನು ಸಿಲಿಂಡರಿಗೆ ಸುರಿದರೆ ರಿಂಗಿನ ಸಂದು ತಾತ್ಕಾಲಿಕವಾಗಿ ಮುಚ್ಚುತ್ತದೆ. ಒತ್ತಡ ಏರಿದರೆ ತಪ್ಪು ರಿಂಗಿನದು. ಆಯಿಲ್ ಹಾಕಿ ಮತ್ತೆ ನೋಡಿದರು. ಎಂಟೂಕಾಲು. ವಾಲ್ವು.

ವೇಗದಲ್ಲಿ ಈ ಕೊರತೆ ಕಾಣದಿದ್ದುದಕ್ಕೆ ಕಾರಣ ಸರಳ: ಸೋರಲು ಹೊತ್ತೇ ಸಿಗುವುದಿಲ್ಲ. ಕಾದ ಮೇಲೆಯೇ ಕಾಣುವುದಕ್ಕೆ ಕಾರಣ ಮಾತ್ರ ಸ್ವಾರಸ್ಯದ್ದು. ವಾಲ್ವಿನ ದಂಡಕ್ಕೂ ಅದನ್ನು ಒತ್ತುವ ರಾಕರಿಗೂ ನಡುವೆ ಕೂದಲೆಳೆಗಿಂತ ತುಸು ಹೆಚ್ಚು ತೆರಪು ಬಿಟ್ಟಿರುತ್ತಾರೆ, ಟ್ಯಾಪೆಟ್ ಗ್ಯಾಪ್. ಕಾದಾಗ ದಂಡ ಹಿಗ್ಗುತ್ತದೆ, ಆ ಹಿಗ್ಗಿಗೆಂದೇ ಆ ತೆರಪು. ಎರಡನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನಲ್ಲಿ ಫೀಲರ್ ಗೇಜಿನ ಅತಿ ತೆಳು ಎಸಳೂ ಒಳಹೋಗಲಿಲ್ಲ. ತೆರಪು ತೀರಿತ್ತು. ಕಾದ ಮೇಲೆ ವಾಲ್ವು ಪೂರ್ತಿ ಮುಚ್ಚುತ್ತಲೇ ಇರಲಿಲ್ಲ.

ಇದು ಎಲ್ಲರೂ ಎಣಿಸುವುದಕ್ಕೆ ಉಲ್ಟಾ. ಸವೆದರೆ ಸಡಿಲವಾಗಬೇಕು, ಟಕಟಕ ಎನ್ನಬೇಕು. ಆದರೆ ಇಲ್ಲಿ ಸವೆದದ್ದು ವಾಲ್ವು ಕೂರುವ ಸೀಟು. 47 ಕೋಟಿ ಸಲ ಕೂತು ಎದ್ದು ವಾಲ್ವು ಸೀಟಿನೊಳಗೆ ಇಳಿಯುತ್ತ ಹೋಯಿತು, ಅದರ ಇನ್ನೊಂದು ತುದಿ ರಾಕರಿನತ್ತ ಮೇಲೆದ್ದಿತು. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಸೀಟಿನ ಮೇಲೆ ಮೆತ್ತನೆಯ ಪದರವಾಗಿ ಕೂತು ಕಾಪಾಡುತ್ತಿತ್ತು. ಜನರ ನರಕ್ಕೆ ವಿಷವೆಂದು 2000ದ ಫೆಬ್ರವರಿಯಿಂದ ಅದನ್ನು ದೇಶದಾದ್ಯಂತ ಬಿಟ್ಟರು, ಬಿಟ್ಟದ್ದು ಒಳ್ಳೆಯದೇ. ಆಮೇಲೆ ಕಾಕಾ ಎಂಟು ವರ್ಷ ಗಾಡಿಯನ್ನು ಗ್ಯಾಸ್ ಮೇಲೆ ಓಡಿಸಿದ್ದ. ಯಾವ ಬಣ್ಣದ ಸಿಲಿಂಡರ್ ಎಂದು ನೀವು ಕೇಳಬಾರದು. ಗ್ಯಾಸಿನ ಉರಿ ಒಣ ಉರಿ, ಸೀಟಿಗೆ ಅದು ಇನ್ನೂ ಕಠಿಣ.

"ಗಾಡಿ ಮೊದಲಿನಕಿಂತ ಸುಮ್ಮನ ಓಡ್ಯಾಕತ್ತೈತಿ ಅಂತ ನಾ ಖುಷಿಯಾಗಿದ್ದೆ" ಎಂದ ಕಾಕಾ.

"ಟ್ಯಾಪೆಟ್ ಟಕಟಕ ಅಂದ್ರ ಅಂಜಬಾರ್ದ್ರಿ ಕಾಕಾರ. ಸುಮ್ಮನಾದ್ರ ಅಂಜಬೇಕು." ಮಿಸ್ತ್ರಿ ಪಾನಾ ಹಚ್ಚಿ, ಸ್ಕ್ರೂ ಸಡಿಲಿಸಿ ತೆರಪು ಕೊಟ್ಟ. ಮತ್ತೆ ಗೇಜ್. ಒಂಬತ್ತೂವರೆ. ಎಂಜಿನ್ ಚಾಲೂ ಆಯಿತು. ಟಕಟಕ ಸದ್ದು ಮರಳಿತ್ತು. ಎರಡನೇ ವೈರು ಎತ್ತಿದರೆ ಈಗ ಎಂಜಿನ್ ಮುಗ್ಗರಿಸಿತು, ಒಂದನೆಯದರಷ್ಟು ಅಲ್ಲ. ಆಗ ನನಗೆ ಫೆಬ್ರವರಿಯ ಆ ಪ್ಲಗ್ಗಿನ ಬಿಳಿ ಬುಡ ನೆನಪಾಯಿತು. ಆಗಲೇ ಆ ವಾಲ್ವು ಬಿಸಿ ಗಾಳಿ ಸೋರಿಸುತ್ತಿತ್ತೋ, ಮಿಶ್ರಣ ತೆಳುವಾಗಿತ್ತೋ, ಎರಡೂ ಇತ್ತೋ.

ಮಿಸ್ತ್ರಿ ಮುಚ್ಚುಮರೆ ಮಾಡಲಿಲ್ಲ. ಸುಟ್ಟ ವಾಲ್ವು ತೆರಪು ಕೊಟ್ಟ ಮಾತ್ರಕ್ಕೆ ಬೆಳೆದು ಬರುವುದಿಲ್ಲ. ಹೆಡ್ ಇಳಿಸಬೇಕು, ವಾಲ್ವು ಬದಲಿಸಿ ಸೀಟು ಅರೆಯಬೇಕು, ಗ್ಯಾಸ್ಕೆಟ್ ಹೊಸದು ಹಾಕಬೇಕು. ಅಲ್ಲಿಯವರೆಗೆ ಐದು ಸಾವಿರ ಕಿಲೋಮೀಟರಿಗೊಮ್ಮೆ ಬಂದು ಟ್ಯಾಪೆಟ್ ನೋಡಿಸಿಕೊಂಡು ಹೋಗಬೇಕು.

ಕಾಕಾ ಸೀಟು ಮುಚ್ಚಿ, ಅದರ ಮೇಲೆ ಕೂತು, ಗುನುಗನ್ನು ಒಂದು ಗಳಿಗೆ ಸೊಂಟದಲ್ಲೇ ಆಲಿಸಿದ.

"ಕಬ್ಬಿನ ಬಿಲ್ಲ ಬರ್ಲಿ ತಡಿ, ಹೆಡ್ ಇಳಸೂಣು."

"ಹಂಗಾರ ಮುಂದಿನ ಭಾರತ ಹುಣ್ಣಿಮಿಗೇ ಬರ್ತೀರಿ ಬಿಡ್ರಿ" ಎಂದು ಮಿಸ್ತ್ರಿ ಪಾನಾಗಳನ್ನು ಒರೆಸಿ ಪೆಟ್ಟಿಗೆಗೆ ಹಾಕತೊಡಗಿದ.